ಸರ್ಕಾರವೇ ಸಿರಿಂಜ್ ಯಾಕೆ ಹಂಚುತ್ತದೆ?

ಅಮೆರಿಕದ ಇಂಡಿಯಾನಾ ರಾಜ್ಯದ ತೆಂಕಣ ಭಾಗದಲ್ಲಿ ಸ್ಕಾಟ್ ಕೌಂಟಿ ಅಂತ ಒಂದು ಸಣ್ಣ ಆಡಳಿತ ಪ್ರದೇಶ ಇದೆ. ಇಡೀ ಕೌಂಟಿಯ ಜನಸಂಖ್ಯೆ ಸುಮಾರು 24,000. ಅದರೊಳಗಿನ ಆಸ್ಟಿನ್ ಎಂಬ ಊರಿನಲ್ಲಿ ನಾಲ್ಕು ಸಾವಿರ ಚಿಲ್ಲರೆ ಜನ. 2004ರಿಂದ 2013ರವರೆಗೆ, ಅಂದರೆ ಪೂರ್ತಿ ಹತ್ತು ವರ್ಷಗಳಲ್ಲಿ, ಇಲ್ಲಿ ಪತ್ತೆಯಾದ ಎಚ್‌ಐವಿ ಪ್ರಕರಣಗಳು ಐದೇ ಐದು. 2015ರ ಜನವರಿಯಲ್ಲಿ ಒಟ್ಟಿಗೇ 11 ಕೇಸು ಕಾಣಿಸಿಕೊಂಡವು. ನವೆಂಬರ್ ಹೊತ್ತಿಗೆ ಆ ಸಂಖ್ಯೆ 181ಕ್ಕೆ ಮುಟ್ಟಿತ್ತು. ಆಮೇಲೆ 200 ದಾಟಿತು.

ಇಷ್ಟಕ್ಕೆಲ್ಲ ಮೂಲ ಒಂದು ನೋವಿನ ಮಾತ್ರೆ. ಹೆಸರು ಒಪಾನಾ. ಅದನ್ನು ಪುಡಿ ಮಾಡಿ ಮೂಗಿಗೆ ಏರಿಸುತ್ತಾರೆ ಅಂತ ಕಂಪನಿ 2012ರಲ್ಲಿ ಮಾತ್ರೆಯ ರೂಪವನ್ನೇ ಬದಲಾಯಿಸಿತು. ಪುಡಿ ಮಾಡುವುದು ಕಷ್ಟವಾಯಿತು ನಿಜ. ಆದರೆ ಕರಗಿಸಿ ಚುಚ್ಚಿಕೊಳ್ಳುವ ದಾರಿಯನ್ನು ಜನ ಕಂಡುಕೊಂಡರು. ಒಂದು ಮಾತ್ರೆಗೆ ನೂರು ಡಾಲರ್‌ಗೂ ಮೇಲೆ ಬೆಲೆ. ಹಾಗಾಗಿ ನಾಲ್ಕಾರು ಜನ ಸೇರಿ ಒಂದೇ ಮಾತ್ರೆ ಕರಗಿಸಿ ಹಂಚಿಕೊಳ್ಳುತ್ತಿದ್ದರು. ಅದರ ನಶೆ ಬೇಗ ಇಳಿಯುತ್ತದೆ. ಹಾಗಾಗಿ ದಿನಕ್ಕೆ 4ರಿಂದ 15 ಸಲ ಚುಚ್ಚಿಕೊಳ್ಳುವವರಿದ್ದರು. ಕೆಲವು ಮನೆಗಳಲ್ಲಿ ಅಜ್ಜಿ, ಮಗಳು, ಮೊಮ್ಮಗ ಎಲ್ಲರೂ ಇದೇ ಗುಂಪಿನಲ್ಲಿದ್ದರು.

ಮಾತ್ರೆ ಹೇಗೋ ಸಿಗುತ್ತಿತ್ತು. ಸಿಗದಿದ್ದದ್ದು ಹೊಸ ಸಿರಿಂಜ್. ಡ್ರಗ್ಸ್ ಚುಚ್ಚಿಕೊಳ್ಳಲು ಸಿರಿಂಜ್ ಇಟ್ಟುಕೊಂಡರೆ ಇಂಡಿಯಾನಾದಲ್ಲಿ ಆಗ ಅದು ಗಂಭೀರ ಅಪರಾಧ. ಆದ್ದರಿಂದ ಕೈಯಲ್ಲಿದ್ದ ಒಂದೆರಡನ್ನೇ ಸೂಜಿ ಮೊಂಡಾಗುವ ತನಕ ಬಳಸುತ್ತಿದ್ದರು. ಎಚ್‌ಐವಿ ಪರೀಕ್ಷೆ ಮಾಡುತ್ತಿದ್ದ ಕೌಂಟಿಯ ಒಂದೇ ಒಂದು ಕ್ಲಿನಿಕ್ ಕೂಡ 2013ರಲ್ಲಿ ಬಾಗಿಲು ಹಾಕಿತ್ತು. ಬೆಂಕಿ ಹತ್ತಿದ್ದು ಯಾರಿಗೂ ಗೊತ್ತಾಗಲೇ ಇಲ್ಲ.

ಆಗ ಗವರ್ನರ್ ಆಗಿದ್ದವರು ಮೈಕ್ ಪೆನ್ಸ್, ಮುಂದೆ ಅಮೆರಿಕದ ಉಪಾಧ್ಯಕ್ಷರಾದವರು. ಮಾದಕ ವ್ಯಸನಿಗಳಿಗೆ ಸಿರಿಂಜ್ ಕೊಡುವುದಕ್ಕೆ ಅವರು ತಾತ್ವಿಕವಾಗಿ ವಿರೋಧಿಯಾಗಿದ್ದರು. ಕೊನೆಗೆ 2015ರ ಮಾರ್ಚ್ 26ರಂದು ಆರೋಗ್ಯ ತುರ್ತುಸ್ಥಿತಿ ಘೋಷಿಸಿ, ಮೊದಲಿಗೆ 30 ದಿನಗಳ ಮಟ್ಟಿಗೆ ಸಿರಿಂಜ್ ವಿನಿಮಯಕ್ಕೆ, ಅಂದರೆ ಬಳಸಿದ ಸಿರಿಂಜ್ ಪಡೆದು ಹೊಸದು ಕೊಡುವುದಕ್ಕೆ, ಒಪ್ಪಿಗೆ ಕೊಟ್ಟರು. ಏಪ್ರಿಲ್ 4ರಂದು ಆಸ್ಟಿನ್‌ನಲ್ಲಿ ಕೇಂದ್ರ ತೆರೆಯಿತು. ಮೇ ತಿಂಗಳಲ್ಲಿ ಕಾನೂನೂ ಬಂತು. ಇದೇ ಕೆಲಸ 2011ರಲ್ಲೇ ಆಗಿದ್ದರೆ ಸೋಂಕಿತರ ಸಂಖ್ಯೆ ಹತ್ತರ ಆಸುಪಾಸಿನಲ್ಲಿ ನಿಲ್ಲಬಹುದಿತ್ತು ಅಂತ ಯೇಲ್ ವಿಶ್ವವಿದ್ಯಾಲಯದ ಸಂಶೋಧಕರು 2018ರಲ್ಲಿ ಲೆಕ್ಕ ಹಾಕಿ ತೋರಿಸಿದರು. ಅದು ಮಾದರಿ ಕಟ್ಟಿ ಮಾಡಿದ ಅಂದಾಜು, ನಿಜ. ಆದರೂ ತಡ ಮಾಡಿದ್ದಕ್ಕೆ ತೆತ್ತ ಬೆಲೆ ಎಷ್ಟು ಅಂತ ಊಹಿಸಲು ಸಾಕು.

ಒಂದು ಸಿರಿಂಜ್ ಇಷ್ಟೊಂದು ಅಪಾಯ ಯಾಕೆ? ಸ್ವಲ್ಪ ಹತ್ತಿರದಿಂದ ನೋಡೋಣ. ನಾಳಕ್ಕೆ ಚುಚ್ಚಿಕೊಳ್ಳುವವರು ಸೂಜಿ ಸರಿಯಾದ ಜಾಗಕ್ಕೆ ಹೋಗಿದೆಯಾ ಅಂತ ತಿಳಿಯಲು ಮೊದಲು ಪ್ಲಂಜರ್ ಅನ್ನು, ಅಂದರೆ ಸಿರಿಂಜಿನ ಒತ್ತುಕಡ್ಡಿಯನ್ನು, ತುಸು ಹಿಂದಕ್ಕೆ ಎಳೆಯುತ್ತಾರೆ. ಒಳಗೆ ಕೆಂಪಗೆ ರಕ್ತ ಬಂದರೆ ನಾಳ ಸಿಕ್ಕಿತು ಅಂತ ಲೆಕ್ಕ. ಆಮೇಲೆ ಒತ್ತುತ್ತಾರೆ. ಪ್ಲಂಜರ್ ತಳ ಮುಟ್ಟಿದರೂ ಸಿರಿಂಜಿನ ಮೂತಿಯಲ್ಲಿ, ಸೂಜಿಯ ಬುಡದಲ್ಲಿ ಒಂದಿಷ್ಟು ದ್ರವ ಉಳಿದೇ ಉಳಿಯುತ್ತದೆ. ಸೂಜಿಯನ್ನು ಬೇರೆಯಾಗಿ ಸಿಕ್ಕಿಸುವ ಸಿರಿಂಜಿನಲ್ಲಿ ಇದು ಸುಮಾರು 84 ಮೈಕ್ರೊಲೀಟರ್. ಇನ್ಸುಲಿನ್ ಸಿರಿಂಜಿನ ಹಾಗೆ ಸೂಜಿ ಅಂಟಿಕೊಂಡೇ ಬರುವುದರಲ್ಲಿ ಸುಮಾರು 2 ಮಾತ್ರ. ಕಣ್ಣಿಗೆ ಎರಡೂ ಒಂದೇ, ಅಪಾಯದಲ್ಲಿ ಅಜಗಜಾಂತರ. ಈ ಉಳಿಕೆ ರಕ್ತದಲ್ಲಿ ಎಚ್‌ಐವಿ ವಾರಗಟ್ಟಲೆ ಬದುಕಬಲ್ಲದು. ಯಕೃತ್ತನ್ನು ಕಾಡುವ ಹೆಪಟೈಟಿಸ್ ಸಿ ವೈರಸ್ಸಂತೂ ಪ್ರಯೋಗಾಲಯದಲ್ಲಿ 63 ದಿನಗಳವರೆಗೆ ಜೀವಂತವಾಗಿ ಉಳಿದದ್ದುಂಟು.

ಹೆಪಟೈಟಿಸ್ ಸಿಗೆ ಸಿರಿಂಜೇ ಆಗಬೇಕು ಅಂತಲೂ ಇಲ್ಲ. ಕರಗಿಸುವ ಚಮಚ, ಸೋಸುವ ಹತ್ತಿ, ತೊಳೆಯುವ ನೀರು ಹಂಚಿಕೊಂಡರೂ ಸಾಕು. ಸ್ಕಾಟ್ ಕೌಂಟಿಯಲ್ಲಿ ಎಚ್‌ಐವಿ ಬಂದವರಲ್ಲಿ ಶೇಕಡ 90ಕ್ಕಿಂತ ಜಾಸ್ತಿ ಮಂದಿಗೆ ಹೆಪಟೈಟಿಸ್ ಸಿ ಕೂಡ ಇತ್ತು. ಒಳ್ಳೆಯ ಕೇಂದ್ರಗಳಲ್ಲಿ ಸಿರಿಂಜಿನ ಜೊತೆ ಹತ್ತಿ, ಶುದ್ಧ ನೀರು, ಪುಟ್ಟ ಲೋಹದ ಬಟ್ಟಲು ಕೊಡುವುದು ಇದೇ ಕಾರಣಕ್ಕೆ. ಹೊರಗಿನಿಂದ ನೋಡುವವರಿಗೆ ಇದು ಅತಿರೇಕ ಅನ್ನಿಸಬಹುದು. ವೈರಸ್ ಓಡಾಡುವ ದಾರಿ ನೋಡಿದರೆ ಹಾಗನ್ನಿಸುವುದಿಲ್ಲ.

ಈ ಯೋಚನೆಯನ್ನು ಅಂಕಿ-ಸಂಖ್ಯೆಗೆ ಇಳಿಸಿದವರು ಯೇಲ್‌ನ ಎಡ್ವರ್ಡ್ ಕಪ್ಲಾನ್ ಮತ್ತು ರಾಬರ್ಟ್ ಹೈಮರ್. 1990ರ ನವೆಂಬರ್‌ನಲ್ಲಿ ಅಮೆರಿಕದ ನ್ಯೂ ಹೇವನ್ ನಗರದಲ್ಲಿ ಒಂದು ವ್ಯಾನ್ ಸಿರಿಂಜ್ ಹಂಚಲು ಶುರು ಮಾಡಿತು. ಪ್ರತಿ ಸಿರಿಂಜಿಗೂ ಒಂದು ಗುರುತು ಸಂಖ್ಯೆ. ವಾಪಸ್ ಬಂದವುಗಳನ್ನು ಪ್ರಯೋಗಾಲಯದಲ್ಲಿ ಪರೀಕ್ಷಿಸುತ್ತಿದ್ದರು. ಚುಚ್ಚಿಕೊಳ್ಳುವವರನ್ನು ಕೇಳಿದರೆ ನಿಜ ಹೇಳುತ್ತಾರೋ ಸುಳ್ಳು ಹೇಳುತ್ತಾರೋ ಎಂಬ ಅನುಮಾನ ಇರುತ್ತದೆ, ಅಲ್ವಾ? ಇಲ್ಲಿ ಸಾಕ್ಷಿ ಹೇಳಿದ್ದು ಸಿರಿಂಜೇ. ಮಲೇರಿಯಾದಲ್ಲಿ ಸೊಳ್ಳೆ ಮಾಡುವ ಕೆಲಸವನ್ನು ಇಲ್ಲಿ ಸೂಜಿ ಮಾಡುತ್ತದೆ ಅಂತ ಇಟ್ಟುಕೊಳ್ಳಿ. ಸೊಳ್ಳೆಯ ಆಯಸ್ಸು ಕಡಿಮೆಯಾದಷ್ಟೂ ಅದು ಕಚ್ಚುವವರ ಸಂಖ್ಯೆ ಕಡಿಮೆ. ಹಾಗೇ ಒಂದು ಸಿರಿಂಜ್ ಬೀದಿಯಲ್ಲಿ ಸುತ್ತುವ ದಿನಗಳನ್ನು ಕಡಿಮೆ ಮಾಡಿದರೆ ಅದು ಹತ್ತುವ ತೋಳುಗಳೂ ಕಡಿಮೆಯಾಗುತ್ತವೆ. ಈ ಯೋಜನೆಯಲ್ಲಿದ್ದವರಲ್ಲಿ ಹೊಸ ಸೋಂಕು ಸುಮಾರು ಮೂರನೇ ಒಂದರಷ್ಟು ತಗ್ಗಿದೆ ಅಂತ ಅವರ ಅಂದಾಜು. ಸಿರಿಂಜ್ ಬಗ್ಗೆ ಕಟ್ಟುನಿಟ್ಟಾಗಿದ್ದ ಕನೆಕ್ಟಿಕಟ್ ರಾಜ್ಯ 1992ರಲ್ಲಿ ವೈದ್ಯರ ಚೀಟಿ ಇಲ್ಲದೆ ಸಿರಿಂಜ್ ಕೊಳ್ಳಲು ಅವಕಾಶ ಕೊಟ್ಟಿತು.

ಸಿರಿಂಜ್ ಸಿಗದಂತೆ ಮಾಡಿದರೆ ಏನಾಗುತ್ತದೆ ಅನ್ನುವುದಕ್ಕೆ ಹಳೆಯ ಉದಾಹರಣೆ ಸ್ಕಾಟ್ಲೆಂಡಿನ ಎಡಿನ್‌ಬರೋ. 1980ರ ದಶಕದ ಶುರುವಿನಲ್ಲಿ ಅಲ್ಲಿ ಹೆರಾಯಿನ್ ಹಾವಳಿ ಹೆಚ್ಚಿತು. ಪೊಲೀಸರು ಸಿರಿಂಜ್ ಕಂಡಲ್ಲಿ ಕಿತ್ತುಕೊಂಡರು. ಅಂಗಡಿಗಳು ಮಾರುವುದನ್ನು ನಿಲ್ಲಿಸಿದವು. ಹೆರಾಯಿನ್ ನಿಲ್ಲಲಿಲ್ಲ. ಹತ್ತಾರು ಜನ ಒಂದೇ ಕೋಣೆಯಲ್ಲಿ ಕೂತು ಒಂದೇ ಸಿರಿಂಜಿನಲ್ಲಿ ಚುಚ್ಚಿಕೊಂಡರು. 1986ರಲ್ಲಿ ಮ್ಯೂರ್‌ಹೌಸ್ ಬಡಾವಣೆಯ ವೈದ್ಯ ರಾಯ್ ರಾಬರ್ಟ್‌ಸನ್ ಮತ್ತು ಸಂಗಡಿಗರು ತಮ್ಮ ರೋಗಿಗಳ ರಕ್ತ ಪರೀಕ್ಷೆಯ ಫಲಿತಾಂಶ ಪ್ರಕಟಿಸಿದರು. ಚುಚ್ಚಿಕೊಳ್ಳುತ್ತಿದ್ದವರಲ್ಲಿ ಶೇಕಡ 51 ಮಂದಿಗೆ ಎಚ್‌ಐವಿ! ಅಲ್ಲಿಂದ ಒಂದು ಗಂಟೆ ರೈಲು ಪ್ರಯಾಣದ ಗ್ಲಾಸ್ಗೋದಲ್ಲಿ, ಅಷ್ಟೇ ಹೆರಾಯಿನ್ ಇದ್ದ ಊರಿನಲ್ಲಿ, ಈ ಪ್ರಮಾಣ ಎಷ್ಟೋ ಪಟ್ಟು ಕಡಿಮೆ. ವ್ಯತ್ಯಾಸಕ್ಕೆ ಸಿರಿಂಜ್ ಒಂದೇ ಕಾರಣ ಅನ್ನಲಾಗದು. ವೈರಸ್ ಯಾವ ಊರಿಗೆ ಯಾವಾಗ ಬಂತು ಅನ್ನುವುದೂ ಲೆಕ್ಕಕ್ಕೆ ಬರುತ್ತದೆ. ಆದರೂ ಬ್ರಿಟನ್ ಪ್ರಧಾನಿ ಮಾರ್ಗರೆಟ್ ಥ್ಯಾಚರ್ ಅವರ ಸರ್ಕಾರ 1987ರಲ್ಲಿ ಪ್ರಾಯೋಗಿಕವಾಗಿ ಸಿರಿಂಜ್ ವಿನಿಮಯ ಕೇಂದ್ರಗಳನ್ನು ತೆರೆಯಿತು. ಥ್ಯಾಚರ್ ಮೆದು ಮನಸ್ಸಿನ ಉದಾರವಾದಿ ಅಂತ ಯಾರೂ ಹೇಳಲಾರರು. ಅದಕ್ಕೂ ಮುಂಚೆ, 1984ರಲ್ಲೇ, ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಡ್ರಗ್ಸ್ ಬಳಸುವವರ ಸಂಘವೇ ನಗರದ ಆರೋಗ್ಯ ಇಲಾಖೆಯ ನೆರವಿನಿಂದ ಈ ಕೆಲಸ ಶುರು ಮಾಡಿತ್ತು. ಅವರಿಗೆ ಆಗಿದ್ದ ಹೆದರಿಕೆ ಹೆಪಟೈಟಿಸ್ ಬಿಯದ್ದು.

ಈಗ ಕೇಂದ್ರದೊಳಗೆ ಏನು ನಡೆಯುತ್ತದೆ ನೋಡೋಣ. ಹಳೆಯ ಪದ್ಧತಿ ಅಂದರೆ ಒಂದು ಹಳೆಯದು ಕೊಟ್ಟರೆ ಒಂದು ಹೊಸದು. ಕೇಳಲು ಬಹಳ ಶಿಸ್ತಾಗಿದೆ. ನನ್ನ ಪ್ರಕಾರ ಇದು ಸಾರ್ವಜನಿಕರ ಸಮಾಧಾನಕ್ಕೆ ಮಾಡಿದ ನಿಯಮ, ರೋಗ ತಡೆಯಲು ಮಾಡಿದ್ದಲ್ಲ. ರಾತ್ರಿ ಪೊಲೀಸರು ಹಿಡಿದು ಸಿರಿಂಜ್ ಕಿತ್ತುಕೊಂಡರೆ ಬೆಳಗ್ಗೆ ಕೊಡಲು ಕೈಯಲ್ಲಿ ಏನಿದೆ? ಮನೆ ಇಲ್ಲದವನು ಬಳಸಿದ ಸೂಜಿಯನ್ನು ಎಲ್ಲಿ ಇಟ್ಟುಕೊಳ್ಳಬೇಕು? ಸಿರಿಂಜ್ ಇಲ್ಲದೆ ಬಂದವನೇ ಎಲ್ಲರಿಗಿಂತ ಹೆಚ್ಚು ಅಪಾಯದಲ್ಲಿರುವವನು. ಅವನನ್ನೇ ಬರಿಗೈಯಲ್ಲಿ ಕಳಿಸುವ ನಿಯಮ ಅದು. ಅದಕ್ಕೇ ಈಗ ಬಹಳ ಕಡೆ ಎಷ್ಟು ಸಲ ಚುಚ್ಚಿಕೊಳ್ಳುತ್ತೀರಿ ಅಂತ ಕೇಳಿ, ಒಂದು ವಾರಕ್ಕೆ ಬೇಕಾದಷ್ಟು ಕೊಡುತ್ತಾರೆ. ಸ್ಕಾಟ್ ಕೌಂಟಿಯಲ್ಲೂ ಹಾಗೇ ಮಾಡಿದರು.

ಎಷ್ಟು ಕೊಟ್ಟರೆ ಸಾಕು? 2020ರ ಹೊತ್ತಿಗೆ ಒಬ್ಬರಿಗೆ ವರ್ಷಕ್ಕೆ 200, 2030ರ ಹೊತ್ತಿಗೆ 300 ಅಂತ ವಿಶ್ವ ಆರೋಗ್ಯ ಸಂಸ್ಥೆ ಗುರಿ ಇಟ್ಟಿತು. ದಿನಕ್ಕೆ ಮೂರು ಸಲ ಚುಚ್ಚಿಕೊಳ್ಳುವವರಿಗೆ ವರ್ಷಕ್ಕೆ ಸಾವಿರಕ್ಕೂ ಮೇಲೆ ಬೇಕು. ಅಂದರೆ ಆ ಗುರಿ ಮುಟ್ಟಿದರೂ ಅರ್ಧದಾರಿ ಕೂಡ ಆಗಿರುವುದಿಲ್ಲ. ಎಷ್ಟೋ ದೇಶಗಳಲ್ಲಿ ಕಾರ್ಯಕ್ರಮ ಹೆಸರಿಗೆ ಇದೆ, ಕೊಡುವುದು ಮಾತ್ರ ಕೈಬೆರಳೆಣಿಕೆ. ಆಮೇಲೆ "ನೋಡಿ, ಇದರಿಂದ ಏನೂ ಪ್ರಯೋಜನ ಆಗಲಿಲ್ಲ" ಅನ್ನುತ್ತಾರೆ.

ಇನ್ನು ಎಲ್ಲರ ಬಾಯಲ್ಲೂ ಬರುವ ಪ್ರಶ್ನೆ. ಸುಮ್ನೆ ಸಿರಿಂಜ್ ಕೊಟ್ಟರೆ ಚಟ ಜಾಸ್ತಿ ಆಗಲ್ವಾ? ಕೇಳಬೇಕಾದ ಪ್ರಶ್ನೆಯೇ. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯ ತಜ್ಞರ ಸಮಿತಿ 1997ರಲ್ಲಿ, ವಿಶ್ವ ಆರೋಗ್ಯ ಸಂಸ್ಥೆ 2004ರಲ್ಲಿ ಆವರೆಗಿನ ಅಧ್ಯಯನಗಳನ್ನೆಲ್ಲ ಒಟ್ಟಿಗೆ ಇಟ್ಟು ನೋಡಿದವು. ಹೊಸಬರು ಚಟಕ್ಕೆ ಬಿದ್ದದ್ದಕ್ಕೆ, ಇದ್ದವರು ಹೆಚ್ಚು ಚುಚ್ಚಿಕೊಂಡದ್ದಕ್ಕೆ ನಂಬುವಂಥ ಪುರಾವೆ ಸಿಗಲಿಲ್ಲ. ಯೋಚಿಸಿದರೆ ಇದರಲ್ಲಿ ಆಶ್ಚರ್ಯವೂ ಇಲ್ಲ. ಸಿರಿಂಜ್ ಸಿಗಲಿಲ್ಲ ಅಂತ ಹೆರಾಯಿನ್ ಬಿಟ್ಟವರನ್ನು ಎಡಿನ್‌ಬರೋ ಕಾಣಲಿಲ್ಲ. ಹಾಗಿರುವಾಗ ಸಿರಿಂಜ್ ಸಿಕ್ಕಿತು ಅಂತ ಹೆರಾಯಿನ್ ಶುರು ಮಾಡುವವರು ಯಾರು?

ಚಿಕಿತ್ಸೆಯ ವಿಷಯದಲ್ಲಂತೂ ಫಲಿತಾಂಶ ಉಲ್ಟಾ ಇದೆ. ಸಿಯಾಟಲ್ ನಗರದಲ್ಲಿ 2000ನೇ ಇಸವಿಯಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಹೊಸದಾಗಿ ವಿನಿಮಯ ಕೇಂದ್ರಕ್ಕೆ ಬರಲು ಶುರು ಮಾಡಿದವರು ಚಿಕಿತ್ಸೆಗೆ ಸೇರುವ ಸಾಧ್ಯತೆ, ಎಂದೂ ಬಾರದವರಿಗಿಂತ ಐದು ಪಟ್ಟು ಹೆಚ್ಚು. ಯಾಕೆ ಅಂದರೆ, ಆ ಮೇಜಿನ ಆಚೆ ಕೂತ ಆರೋಗ್ಯ ಕಾರ್ಯಕರ್ತೆ ವಾರವಾರ ಅದೇ ಮುಖ ನೋಡುತ್ತಾಳೆ. ತೋಳಿನ ಕೀವುಗಡ್ಡೆಗೆ ಪಟ್ಟಿ ಕಟ್ಟುತ್ತಾಳೆ. ಎಚ್‌ಐವಿ ಪರೀಕ್ಷೆ ಮಾಡಿಸಿಕೊಳ್ಳಿ ಅನ್ನುತ್ತಾಳೆ. ಡೋಸ್ ಜಾಸ್ತಿಯಾಗಿ ಉಸಿರು ನಿಲ್ಲುವ ಹೊತ್ತಿಗೆ ಕೊಡಬೇಕಾದ ನ್ಯಾಲೊಕ್ಸೋನ್ ಕೈಗಿಡುತ್ತಾಳೆ. ಒಂದಲ್ಲ ಒಂದು ದಿನ ಅವನೇ "ಇದನ್ನು ಬಿಡಬೇಕು" ಅಂತ ಬಾಯಿಬಿಟ್ಟಾಗ ಎಲ್ಲಿಗೆ ಹೋಗಬೇಕು ಅಂತ ಹೇಳಲು ಅಲ್ಲಿ ಒಬ್ಬರಿರುತ್ತಾರೆ.

ಬೀದಿಯಲ್ಲಿ ಸೂಜಿಗಳು ಬಿದ್ದಿರುತ್ತವೆ ಅನ್ನುವ ಭಯವೂ ಸಹಜ. ಮಕ್ಕಳಿರುವ ಮನೆಯವರಿಗೆ ಅದು ದೊಡ್ಡ ವಿಷಯ. 2012ರಲ್ಲಿ ಪ್ರಕಟವಾದ ಒಂದು ಅಧ್ಯಯನ ವಿನಿಮಯ ಕೇಂದ್ರಗಳಿದ್ದ ಸ್ಯಾನ್ ಫ್ರಾನ್ಸಿಸ್ಕೊ ಮತ್ತು ಆಗ ಒಂದೂ ಇಲ್ಲದ ಮಯಾಮಿಯ ಬೀದಿಗಳನ್ನು ಹೋಲಿಸಿತು. ಎಲ್ಲೆಂದರಲ್ಲಿ ಎಸೆದ ಸಿರಿಂಜ್‌ಗಳು ಮಯಾಮಿಯಲ್ಲಿ ಎಂಟು ಪಟ್ಟು ಹೆಚ್ಚು. ಕಾರಣ ಸರಳ. ಜೇಬಿನಲ್ಲಿ ಬಳಸಿದ ಸಿರಿಂಜ್ ಸಿಕ್ಕರೆ ಜೈಲು ಅಂತಾದರೆ ಯಾರಾದರೂ ಅದನ್ನು ಪೊದೆಗೇ ಎಸೆಯುತ್ತಾರೆ.

ಎಲ್ಲ ಅಧ್ಯಯನಗಳೂ ಒಂದೇ ರಾಗ ಹಾಡುತ್ತವೆ ಅಂತ ತಿಳಿಯಬೇಡಿ. ಅರ್ಥಶಾಸ್ತ್ರಜ್ಞೆ ಅನಲೀಸಾ ಪ್ಯಾಕಮ್ ಅಮೆರಿಕದ ಕೌಂಟಿಗಳ ಅಂಕಿ-ಅಂಶ ನೋಡಿದರು. ಕೇಂದ್ರ ತೆರೆದ ಕಡೆ ಎಚ್‌ಐವಿ ಶೇಕಡ 18ರವರೆಗೆ ಇಳಿದಿತ್ತು, ಆದರೆ ಓಪಿಯಾಯ್ಡ್ (ಹೆರಾಯಿನ್‌ನಂಥ ಅಫೀಮು ಜಾತಿಯ ಡ್ರಗ್ಸ್) ಸಾವುಗಳು ಏರಿದ್ದವು. ಅದೇ ವರ್ಷಗಳಲ್ಲಿ ಫೆಂಟನಿಲ್ ಎಂಬ ಅತಿ ಪ್ರಬಲ ಡ್ರಗ್ ಮಾರುಕಟ್ಟೆಗೆ ನುಗ್ಗಿತ್ತು, ಹಾಗಾಗಿ ಯಾವುದರ ಪಾಲೆಷ್ಟು ಎಂಬುದರ ಬಗ್ಗೆ ತಕರಾರಿದೆ. ಹೆಪಟೈಟಿಸ್ ಸಿ ವಿಷಯದಲ್ಲೂ ಬರೀ ಸಿರಿಂಜ್ ಕೊಟ್ಟು ಕೈತೊಳೆದುಕೊಂಡರೆ ಫಲ ಗಟ್ಟಿಯಾಗಿಲ್ಲ. ಹಲವು ಅಧ್ಯಯನಗಳನ್ನು ಒಟ್ಟಿಗೆ ತೂಗಿ ನೋಡುವ 2017ರ ಕಾಕ್ರೇನ್ ವಿಮರ್ಶೆಯಲ್ಲಿ ಇದು ಚೆನ್ನಾಗಿ ಕಾಣುತ್ತದೆ. ಸಾಕಷ್ಟು ಸಿರಿಂಜ್ ಜೊತೆಗೆ ಮೆಥಡೋನ್ ಅಥವಾ ಬ್ಯುಪ್ರೆನಾರ್ಫಿನ್‌ನಂಥ, ಹೆರಾಯಿನ್‌ಗೆ ಬದಲಾಗಿ ವೈದ್ಯರು ಕೊಡುವ ಔಷಧಿಯೂ ಸಿಕ್ಕವರಲ್ಲಿ ಸೋಂಕಿನ ಅಪಾಯ ಶೇಕಡ 74ರಷ್ಟು ಕಡಿಮೆ. ನನಗೆ ಈ ಇಡೀ ಚರ್ಚೆಯಲ್ಲಿ ಬಹಳ ಮುಖ್ಯ ಅನ್ನಿಸುವ ಅಂಕಿ ಇದೇ. ಸಿರಿಂಜ್ ಒಂದು ಬಾಗಿಲು. ಒಳಗೆ ಚಿಕಿತ್ಸೆ ಇಲ್ಲದಿದ್ದರೆ ಅರ್ಧ ಕೆಲಸ ಮಾತ್ರ.

ದುಡ್ಡಿನ ಲೆಕ್ಕ ಕೇಳುವವರಿಗೆ ಆಸ್ಟ್ರೇಲಿಯಾದ ಉತ್ತರ ಇದೆ. 2000ದಿಂದ 2009ರವರೆಗೆ ಈ ಕಾರ್ಯಕ್ರಮಕ್ಕೆ ಹಾಕಿದ ಪ್ರತಿ ಡಾಲರ್‌ಗೂ ಆರೋಗ್ಯ ವೆಚ್ಚದಲ್ಲಿ ನಾಲ್ಕು ಡಾಲರ್‌ಗೂ ಹೆಚ್ಚು ಉಳಿದಿದೆ ಅಂತ ಅಲ್ಲಿನ ಅಧ್ಯಯನ ಹೇಳುತ್ತದೆ. ಆ ಹತ್ತು ವರ್ಷಗಳಲ್ಲಿ ತಪ್ಪಿದ ಎಚ್‌ಐವಿ ಸೋಂಕುಗಳ ಅಂದಾಜು 32,000. ಅಮೆರಿಕ ಮಾತ್ರ 1988ರಲ್ಲೇ ಇದಕ್ಕೆ ಕೇಂದ್ರ ಸರ್ಕಾರದ ಹಣ ಕೊಡಬಾರದು ಅಂತ ನಿಷೇಧ ಹಾಕಿತು. 2009ರಲ್ಲಿ ತೆಗೆಯಿತು, 2011ರ ಕೊನೆಗೆ ಮತ್ತೆ ಹಾಕಿತು, ಸ್ಕಾಟ್ ಕೌಂಟಿಯ ಪಾಠವಾದ ಮೇಲೆ 2015ರ ಡಿಸೆಂಬರ್‌ನಲ್ಲಿ ಅರ್ಧ ಸಡಿಲಿಸಿತು. ಅಂದರೆ ವ್ಯಾನಿಗೆ ದುಡ್ಡು ಉಂಟು, ಸಿಬ್ಬಂದಿಗೆ ಸಂಬಳ ಉಂಟು, ಸಿರಿಂಜ್ ಕೊಳ್ಳಲು ಮಾತ್ರ ಇಲ್ಲ! ಇನ್ನು ಸ್ಕಾಟ್ ಕೌಂಟಿಯಲ್ಲಿ ಹೊಸ ಸೋಂಕು ಬಹುತೇಕ ನಿಂತ ಮೇಲೆ, 2021ರ ಜೂನ್‌ನಲ್ಲಿ ಅಲ್ಲಿನ ಆಡಳಿತ ಮಂಡಳಿ 2-1 ಮತಗಳಿಂದ ಕೇಂದ್ರವನ್ನೇ ಮುಚ್ಚಲು ತೀರ್ಮಾನಿಸಿತು. ಸಾರ್ವಜನಿಕ ಆರೋಗ್ಯದ ಕಷ್ಟ ಇದು. ಕೆಲಸ ಚೆನ್ನಾಗಿ ಆದರೆ ಕಣ್ಣಿಗೆ ಏನೂ ಕಾಣುವುದಿಲ್ಲ.

ಇದೆಲ್ಲ ಹೊರದೇಶದ ಕತೆ ಅಂದುಕೊಂಡರೆ ಮಣಿಪುರದ ಕಡೆ ನೋಡಬೇಕು. ಮ್ಯಾನ್ಮಾರ್ ಗಡಿ ದಾಟಿ ಬರುವ ಬಿಳಿ ಹೆರಾಯಿನ್‌ಗೆ ಅಲ್ಲಿ ನಂಬರ್ 4 ಅಂತ ಹೆಸರು. 1989ರ ಸೆಪ್ಟೆಂಬರ್‌ನಲ್ಲಿ ಚುಚ್ಚಿಕೊಳ್ಳುವವರ ರಕ್ತ ಪರೀಕ್ಷೆಯಲ್ಲಿ ಎಚ್‌ಐವಿ ಸೊನ್ನೆ. ಒಂದು ವರ್ಷ ತುಂಬುವ ಮೊದಲೇ ಸುಮಾರು ಶೇಕಡ 50. ಒಂದು ಕಡೆ ಪೊಲೀಸರು, ಇನ್ನೊಂದು ಕಡೆ ವ್ಯಸನಿಗಳಿಗೆ ಶಿಕ್ಷೆ ಕೊಡುತ್ತಿದ್ದ ಭೂಗತ ಸಂಘಟನೆಗಳು. ಈ ನಡುವೆ 1990ರ ದಶಕದ ನಡುಭಾಗದಲ್ಲಿ ಚುರಾಚಾಂದ್‌ಪುರದಲ್ಲಿ ಶಾಲೋಮ್ ಎಂಬ ಸಂಸ್ಥೆ ಸೂಜಿ ವಿನಿಮಯ ಶುರು ಮಾಡಿತು. 1996ರಲ್ಲಿ ಮಣಿಪುರ ತನ್ನದೇ ಏಡ್ಸ್ ನೀತಿ ತಂದು ಈ ದಾರಿಗೆ ಮುದ್ರೆ ಒತ್ತಿತು. ದೇಶದ ಮಟ್ಟದಲ್ಲಿ ಇದು ದೊಡ್ಡದಾಗಿ ಬೆಳೆದದ್ದು 2007ರಲ್ಲಿ ಶುರುವಾದ ರಾಷ್ಟ್ರೀಯ ಏಡ್ಸ್ ನಿಯಂತ್ರಣ ಕಾರ್ಯಕ್ರಮದ ಮೂರನೇ ಹಂತದಲ್ಲಿ. ಡ್ರಾಪ್-ಇನ್ ಸೆಂಟರ್, ಹಿಂದೆ ತಾವೇ ಚುಚ್ಚಿಕೊಳ್ಳುತ್ತಿದ್ದು ಈಗ ಇತರರನ್ನು ಹುಡುಕಿಕೊಂಡು ಹೋಗುವ ಪೀರ್ ಕಾರ್ಯಕರ್ತರು, ನಾಲಿಗೆಯ ಕೆಳಗೆ ಇಡುವ ಬ್ಯುಪ್ರೆನಾರ್ಫಿನ್ ಮಾತ್ರೆ, ಎಲ್ಲ ಒಂದೊಂದಾಗಿ ಸೇರಿದವು.

2019ರಲ್ಲಿ ಬಂದ ಏಮ್ಸ್‌ನ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಡ್ರಗ್ಸ್ ಚುಚ್ಚಿಕೊಳ್ಳುವವರು ಸುಮಾರು 8.5 ಲಕ್ಷ. 2017ರ ಲೆಕ್ಕದಲ್ಲಿ ಇವರಲ್ಲಿ ಎಚ್‌ಐವಿ ಶೇಕಡ 6.3ರ ಆಸುಪಾಸು, ಒಟ್ಟು ವಯಸ್ಕರಲ್ಲಿ 0.22. ಕರ್ನಾಟಕದಲ್ಲಿ ಎಚ್‌ಐವಿ ಹರಡಿದ್ದು ಮುಖ್ಯವಾಗಿ ಲೈಂಗಿಕ ಸಂಪರ್ಕದಿಂದ. ನಮ್ಮಲ್ಲಿ ಇದೇ ಜಗಳ ಕಾಂಡೋಮ್ ಹೆಸರಿನಲ್ಲಿ ನಡೆದುಹೋಗಿದೆ. ಲೈಂಗಿಕ ಕಾರ್ಯಕರ್ತೆಯರಿಗೆ ಕಾಂಡೋಮ್ ಹಂಚಿದರೆ ದಂಧೆಗೆ ಕುಮ್ಮಕ್ಕು ಅನ್ನುತ್ತಿದ್ದರು. ಮೈಸೂರಿನ ಆಶೋದಯ ಸಮಿತಿಯಂಥ ಕಡೆ ಆ ಮಹಿಳೆಯರೇ ಮುಂದೆ ನಿಂತು ಕೆಲಸ ಮಾಡಿದರು.

ಕಾನೂನಿನ ವಿಷಯಕ್ಕೆ ಬಂದರೆ ನಮ್ಮ ದೇಶದಲ್ಲಿ ಎರಡು ಕಾಯ್ದೆಗಳು ಎದುರುಬದುರು ನಿಂತಿವೆ. ಮಾದಕ ವಸ್ತುಗಳನ್ನು ನಿಯಂತ್ರಿಸುವ 1985ರ ಎನ್‌ಡಿಪಿಎಸ್ ಕಾಯ್ದೆಯ 27ನೇ ಕಲಮಿನ ಪ್ರಕಾರ ಹೆರಾಯಿನ್ ಸೇವಿಸುವುದೇ ಅಪರಾಧ, ಒಂದು ವರ್ಷದವರೆಗೆ ಜೈಲು. 2017ರ ಎಚ್‌ಐವಿ ಕಾಯ್ದೆ 2018ರ ಸೆಪ್ಟೆಂಬರ್‌ನಲ್ಲಿ ಜಾರಿಗೆ ಬಂತು. ಅದರ 22ನೇ ಕಲಮು ಸೋಂಕು ತಡೆಯಲು ಮಾರ್ಗಸೂಚಿ ಪ್ರಕಾರ ಮಾಡುವ ಕೆಲಸ ಅಪರಾಧವಲ್ಲ ಅನ್ನುತ್ತದೆ. ಅನುಮಾನವೇ ಬೇಡ ಅಂತ ಉದಾಹರಣೆಯನ್ನೂ ಕೊಡುತ್ತದೆ. ನೋಂದಾಯಿತ ಸೂಜಿ ವಿನಿಮಯ ಸೇವೆ ನಡೆಸುವ ಎಕ್ಸ್ ಎಂಬವರು ವೈ ಎಂಬವರಿಂದ ಹಳೆಯ ಸೂಜಿ ಪಡೆದು ಹೊಸದನ್ನು ಕೊಟ್ಟರೆ ಇಬ್ಬರ ಮೇಲೂ ಕೇಸು ಹಾಕುವಂತಿಲ್ಲ. ವೈ ಆ ಸೂಜಿ ಹಿಡಿದು ಬೀದಿಗೆ ಇಳಿದು, ಹೆರಾಯಿನ್ ಚುಚ್ಚಿಕೊಂಡ ಕ್ಷಣವೇ ಮೊದಲನೇ ಕಾಯ್ದೆಯ ಕೈಗೆ ಸಿಗುತ್ತಾನೆ. ಎರಡರ ನಡುವೆ ಅವನ ಗತಿ ಏನು ಅನ್ನುವುದು ಬಹಳ ಸಲ ಆ ಠಾಣೆಯ ಇನ್‌ಸ್ಪೆಕ್ಟರ್ ಹೇಗೆ ಯೋಚಿಸುತ್ತಾರೆ ಅನ್ನುವುದರ ಮೇಲೆ ನಿಂತಿರುತ್ತದೆ. ಕಾರ್ಯಕ್ರಮ ನಡೆಸುವವರು ಪೊಲೀಸರ ಜೊತೆ ಸಭೆ ಮಾಡುವುದಕ್ಕೆ ಅಷ್ಟೊಂದು ಸಮಯ ಕೊಡುವುದು ಇದಕ್ಕೇ.

ಅವನು ಜೈಲಿಗೆ ಹೋದ ಅಂತ ಇಟ್ಟುಕೊಳ್ಳಿ. ಜೈಲುಗಳಿಗೂ ಡ್ರಗ್ಸ್ ನುಸುಳುತ್ತದೆ, ಇದು ಯಾವ ದೇಶದಲ್ಲೂ ಗುಟ್ಟಲ್ಲ. ಸ್ವಿಟ್ಜರ್‌ಲೆಂಡ್ 1992ರಲ್ಲೇ ಒಂದು ಜೈಲಿನೊಳಗೆ ಸಿರಿಂಜ್ ಕೊಡಲು ಶುರು ಮಾಡಿತು. ಸ್ಪೇನ್, ಮೊಲ್ಡೋವಾ ಅದನ್ನು ಅನುಸರಿಸಿದವು. ಕೆನಡಾ 2018ರಲ್ಲಿ ಸೇರಿಕೊಂಡಿತು. ನಮ್ಮ ಜೈಲುಗಳಲ್ಲಿ ಎಚ್‌ಐವಿ ಪರೀಕ್ಷೆ ಇದೆ, ಔಷಧಿ ಇದೆ, ತಿಹಾರ್‌ನಂಥ ಕಡೆ ಬದಲಿ ಔಷಧಿಯ ಚಿಕಿತ್ಸೆಯೂ ಇದೆ. ಹೊಸ ಸಿರಿಂಜ್ ಇಲ್ಲ. ಹೊರಗೆ ವಾರಕ್ಕೊಮ್ಮೆ ಕೇಂದ್ರಕ್ಕೆ ಬಂದು ಸ್ವಂತ ಸಿರಿಂಜ್ ಬಳಸುತ್ತಿದ್ದವನು ಅಲ್ಲಿ ಮತ್ತೆ ಹತ್ತು ಜನರ ಜೊತೆ ಒಂದೇ ಸೂಜಿ ಹಂಚಿಕೊಳ್ಳುವ ಹಂತಕ್ಕೆ ಬರುತ್ತಾನೆ, ಶಿಕ್ಷೆ ಮುಗಿದ ಮೇಲೆ ಮನೆಗೂ ಹೋಗುತ್ತಾನೆ.